ಡಿಯರ್, ಪ್ರಿಯ, ಅಕ್ಕರೆ: ಹೊಸೂರು ಸೀಮೆಯ ಮೂರು ಭಾಷೆಗಳ ನಡುವೆ ಒಂದು ಪ್ರೀತಿಯ ಮಾತು

ನಿವೃತ್ತಿ ವೇತನ ತೆಗೆದುಕೊಳ್ಳುವವರಿಗೆಲ್ಲ ಒಂದು ಇಂಗ್ಲಿಷ್ ಮಾತು ಬಹಳ ಚೆನ್ನಾಗಿ ಗೊತ್ತು: ಡಿಯರ್‌ನೆಸ್. ವರ್ಷಕ್ಕೆರಡು ಸಲ ಅದು ಎಷ್ಟು ಏರಿತು ಅಂತ ನಾವು ಪತ್ರಿಕೆ ನೋಡುತ್ತೇವೆ. ಕನ್ನಡದಲ್ಲಿ ಇದನ್ನು ತುಟ್ಟಿಭತ್ಯೆ ಅಂತಾರೆ, ತಮಿಳುನಾಡು ಸರ್ಕಾರದ ಕಾಗದಗಳಲ್ಲಿ ಅಗವಿಲೈಪ್ಪಡಿ, ತೆಲುಗಿನವರು ಕರುವು ಭತ್ಯಂ, ಎಂದರೆ ಬರಗಾಲದ ಭತ್ಯ. ಮೂರರಲ್ಲಿ ಒಂದು ಭಾಷೆಯೂ ಇಂಗ್ಲಿಷಿನ ಮಾತನ್ನು ಹಾಗೇ ತಿರುಗಿಸಲಿಲ್ಲ. ಹಾಗೇ ತಿರುಗಿಸಿದ್ದರೆ 'ಪ್ರಿಯತಾ ಭತ್ಯೆ' ಆಗಬೇಕಾಗಿತ್ತು. ಯಾಕೆಂದರೆ ಕಾಗದ ಬರೆಯುವಾಗ 'ಡಿಯರ್ ಸರ್' ಅನ್ನುವ ಡಿಯರೂ ಇದೇ, ಮಡದಿಯನ್ನು ಕರೆಯುವ ಡಿಯರೂ ಇದೇ, ಬೇಳೆಯ ಬೆಲೆ ಏರಿದಾಗ ಅನ್ನುವ ಡಿಯರೂ ಇದೇ.

ನಾನು ಭಾಷಾವಿಜ್ಞಾನ ಓದಿದವನಲ್ಲ. ಅಮರಕೋಶ, ಕೌಮುದಿ, ಕಾವ್ಯಗಳ ದಾರಿಯಲ್ಲಿ ಬಂದು ಮಕ್ಕಳಿಗೆ ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಅವಲಪಲ್ಲಿಯ ಆಡುಮಾತಿನ ಮೇಲೆ ಒಂದು ಪ್ರಬಂಧ ಬರೆದುಕೊಡಿ ಎಂದು ಸಂಕಿರಣದವರು ಕೇಳಿದಾಗ ಪದಪಟ್ಟಿ ಮಾಡಿ ಒಪ್ಪಿಸಬಹುದಿತ್ತು. ಅದಕ್ಕಿಂತ ಒಂದೇ ಮಾತನ್ನು ಹಿಡಿದು ಅದರ ಜಾಡು ನೋಡುವುದು ಮೇಲೆಂದು ತೋರಿತು. ಇನ್ನೊಂದು ಕಾರಣವೂ ಇದೆ. ಆ ಮಾತಿನ ವಿಷಯದಲ್ಲಿ ನಾನು ಎಷ್ಟೋ ವರ್ಷ ತಪ್ಪು ಪಾಠ ಹೇಳಿದೆ. ತಪ್ಪನ್ನು ಹೇಳಿದ ಕಡೆಯೇ ತಿದ್ದಲಾಗುವುದಿಲ್ಲ, ಆ ಮಕ್ಕಳೆಲ್ಲ ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ. ಇಲ್ಲಿ ತಿದ್ದಿಕೊಳ್ಳುತ್ತೇನೆ.

ಮೊದಲು ಇಂಗ್ಲಿಷಿನ ಮಾತು. ಡಿಯರ್ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲೇ ಬೆಲೆಯುಳ್ಳದ್ದು, ಮಾನ್ಯವಾದದ್ದು, ಪ್ರೀತಿಪಾತ್ರವಾದದ್ದು ಎಂಬ ಅರ್ಥಗಳು ಕೂಡಿಕೊಂಡಿದ್ದವು. ಅದರ ಜ್ಞಾತಿಯಾದ ಜರ್ಮನ್ ಮಾತು ಟೊಯರ್ ಕೂಡ ಪ್ರೀತಿಗೂ ಬೆಲೆಗೂ ಒಟ್ಟಿಗೇ ಸಲ್ಲುತ್ತದೆ. ಲ್ಯಾಟಿನ್ನಿನ ಕಾರುಸ್ ಬೇರೆ ಧಾತುವಿನದು, ಆದರೆ ಅದಕ್ಕೂ ಇದೇ ಎರಡು ಮುಖ. ಅದರಿಂದಲೇ ಚ್ಯಾರಿಟಿ ಎಂಬ ಧರ್ಮದ ಮಾತು ಹುಟ್ಟಿತು. ಸಂಸ್ಕೃತದಲ್ಲಿ ಬೆಲೆಗೆ ಮಹಾರ್ಘ ಎಂಬ ಬೇರೆ ಮಾತಿದೆ, ಅದೇ ಸವೆದು ಹಿಂದಿಯ ಮಹಂಗಾ ಆದದ್ದು. ಪ್ರಿಯ ಎಂಬುದು 'ಪ್ರೀ' ಧಾತುವಿನದು, ತೃಪ್ತಿಪಡಿಸು ಎಂದು ಅರ್ಥ. ಇಂಗ್ಲಿಷಿನ ಫ್ರೆಂಡ್ ಕೂಡ ಈ ಧಾತುವಿನ ದೂರದ ನೆಂಟ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಸಂಸ್ಕೃತ ಕಾವ್ಯದಲ್ಲಿ ಪ್ರಿಯಕ್ಕೆ ಸಂತೆಯ ವಾಸನೆ ಇಲ್ಲ.

ಆದರೆ ತೆಲುಗಿಗೆ ಬಂದ ಕೂಡಲೇ ಆ ವಾಸನೆ ಹತ್ತಿತು! ತೆಲುಗಿನಲ್ಲಿ 'ಪ್ರಿಯಂ' ಎಂದರೆ ಇಷ್ಟವಾದದ್ದು, ಬೆಲೆ ಹೆಚ್ಚಾದದ್ದು, ಎರಡೂ ಹೌದು. ಹೊಸೂರಿನ ಸಂತೆಯಲ್ಲಿ ತೆಲುಗಿನವರು 'ಚಾಲಾ ಪ್ರಿಯಂ' ಅಂದರೆ ಪ್ರೇಮದ ಮಾತಲ್ಲ, ಕೊಳ್ಳೋಕಾಗಲ್ಲ ಅಂತ. ಅವರ ಜೊತೆ ವ್ಯಾಪಾರ ಮಾಡಿ ಮಾಡಿ ನಮ್ಮ ಕನ್ನಡದವರ ಬಾಯಲ್ಲೂ 'ರಾಗಿ ಪಿರ್ಯ ಆಗೋಯ್ತು' ಅನ್ನುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಇಂಗ್ಲಿಷ್ ಒಂದಕ್ಷರ ಬಾರದ ರೈತ ಡಿಯರ್ ಎಂಬುದರ ಎರಡು ಅರ್ಥವನ್ನೂ ಒಂದೇ ಮಾತಿನಲ್ಲಿ ಹಿಡಿದಿದ್ದ. ಇಂಗ್ಲಿಷಿನ ಪ್ರಭಾವ ಅಂತ ಇದನ್ನು ತಳ್ಳಿಹಾಕುವ ಹಾಗಿಲ್ಲ. ಯಾವುದನ್ನು ಬಿಡಲಾಗುವುದಿಲ್ಲವೋ ಅದರ ಬೆಲೆ ಏರುತ್ತದೆ ಎಂಬ ಲೋಕಾನುಭವ ಎರಡು ಕಡೆ ಎರಡು ಸಲ ಬೇರೆಬೇರೆಯಾಗಿ ಒಂದೇ ಅರ್ಥವಿಸ್ತಾರವನ್ನು ಹುಟ್ಟಿಸಿದೆ.

ಇಂಗ್ಲಿಷಿನ ಪ್ರಭಾವ ನಿಜವಾಗಿ ಕಾಣುವುದು ಕಾಗದಗಳಲ್ಲಿ. ನಮ್ಮ ಹಿರಿಯರು ಕಾಗದಗಳಲ್ಲಿ ಯಾರನ್ನೂ 'ಪ್ರಿಯ' ಎಂದು ಕರೆಯುತ್ತಿರಲಿಲ್ಲ. ತಂದೆಗೆ ತೀರ್ಥರೂಪರು, ತಾಯಿಗೆ ಮಾತೃಶ್ರೀಯವರು, ಕಿರಿಯರಿಗೆ ಚಿರಂಜೀವಿ, ಹೆಣ್ಣುಮಕ್ಕಳಿಗೆ ಚಿರಂಜೀವಿ ಸೌಭಾಗ್ಯವತಿ. ಆಮೇಲೆ ಉಭಯಕುಶಲೋಪರಿ. ಗಂಡ ಹೆಂಡತಿಗೆ ಬರೆದರೂ ಪ್ರೀತಿಯ ಮಾತು ಕಾಗದದ ತಲೆಯ ಮೇಲೆ ಬರುತ್ತಿರಲಿಲ್ಲ, ಬಂದರೆ ಕೊನೆಯಲ್ಲಿ 'ಮೈ ಹುಷಾರು' ಎಂಬ ಎರಡು ಮಾತಿನಲ್ಲಿ ಬರುತ್ತಿತ್ತು. 'ಪ್ರಿಯ ಮಹಾಶಯರೇ', 'ಪ್ರಿಯ ಮಿತ್ರರೇ' ಎಂಬುದು ಇಂಗ್ಲಿಷ್ ಶಾಲೆಯಲ್ಲಿ ಪತ್ರಲೇಖನ ಕಲಿತವರಿಂದ ಬಂದ ನಕಲು. ಇಂಗ್ಲಿಷಿನಲ್ಲಿ ಡಿಯರ್ ಆಗಲೇ ಪ್ರೀತಿ ಕಳೆದುಕೊಂಡು ಬರಿಯ ಮರ್ಯಾದೆಯ ತೊಡುಗೆಯಾಗಿತ್ತು. ನಾವು ತೊಡುಗೆಯನ್ನು ತಂದುಕೊಂಡೆವು.

ಸರ್ಕಾರಿ ಕಚೇರಿಯಲ್ಲಿ ಇದರ ಇನ್ನೊಂದು ವಿಚಿತ್ರ ಇದೆ. ಸಾಮಾನ್ಯ ಸರ್ಕಾರಿ ಕಾಗದ 'ಸರ್' ಎಂದು ಶುರುವಾಗುತ್ತದೆ. ಮೇಲಿನ ಅಧಿಕಾರಿ ತನ್ನ ಹೆಸರಿನಲ್ಲೇ ಬರೆಯುವ ಡಿ.ಓ. ಕಾಗದ ಮಾತ್ರ 'ಮೈ ಡಿಯರ್' ಎಂದು ಶುರುವಾಗುತ್ತದೆ. ಸರ್ ಎಂದರೆ ಮೇಜಿನ ಮೇಲೆ ಒಂದು ತಿಂಗಳು ಮಲಗಬಹುದು. ಮೈ ಡಿಯರ್ ಬಂದರೆ ಆವತ್ತೇ ಉತ್ತರ ಹೋಗಬೇಕು. ಕಂದಾಯ ಇಲಾಖೆಯಲ್ಲಿದ್ದ ನನ್ನ ಹಿರಿಯರೊಬ್ಬರು 'ಡಿಯರ್ ಬಂತು ಅಂದ್ರೆ ಎದೆ ಡವಡವ ಅನ್ನೋದು' ಅಂತಿದ್ದರು. ಪ್ರೀತಿಯ ಮಾತು ಬೆದರಿಕೆಯ ಮಾತಾದ ಉದಾಹರಣೆ ಇದು.

ಹೀಗೆ ಆಗುವುದು ಹೊಸದೇನಲ್ಲ. ಅಶೋಕ ಚಕ್ರವರ್ತಿ ತನ್ನನ್ನು ದೇವಾನಾಂಪ್ರಿಯ ಎಂದು ಕರೆದುಕೊಂಡ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ಬಿ.ಎಲ್. ರೈಸ್ ಅವರು ಕಂಡ ಶಾಸನಗಳಲ್ಲಿ ಈ ಬಿರುದೇ ಇದೆ, ಅಶೋಕ ಎಂಬ ಹೆಸರಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಲ್ಲಿ ಬಿರುದೂ ಹೆಸರೂ ಕೂಡಿ ಬಂದದ್ದರಿಂದ ದೇವಾನಾಂಪ್ರಿಯನೇ ಅಶೋಕ ಎಂಬುದು ಗಟ್ಟಿಯಾಯಿತು. ಅದೇ ಮಾತು ಸಂಸ್ಕೃತ ವೈಯಾಕರಣರ ಕೈಗೆ ಬಂದು ಏನಾಯಿತು? ಷಷ್ಠೀ ವಿಭಕ್ತಿ ಲೋಪವಾಗದೆ ನಿಲ್ಲುವ ಅಲುಕ್ ಸಮಾಸಕ್ಕೆ ಉದಾಹರಣೆಯಾಗಿ ನಿಂತು, ಭಟ್ಟೋಜಿ ದೀಕ್ಷಿತರ ಸಿದ್ಧಾಂತಕೌಮುದಿಯ ಹೊತ್ತಿಗೆ 'ಮೂರ್ಖ' ಎಂಬ ಅರ್ಥಕ್ಕೆ ಇಳಿದುಬಿಟ್ಟಿತು. ಪಾಠ ಹೇಳುವಾಗ ದಡ್ಡ ಹುಡುಗನನ್ನು ದೇವಾನಾಂಪ್ರಿಯ ಎಂದು ಕರೆಯುವ ಗುರುಗಳನ್ನು ನಾನು ಕಂಡಿದ್ದೇನೆ. ಹುಡುಗ ಹೊಗಳಿಕೆ ಅಂತ ನಗುತ್ತಿದ್ದ, ಪಾಪ.

ಇನ್ನು ನಮ್ಮ ಸೀಮೆಗೆ ಬರೋಣ. ಹೊಸೂರು ಎಂಬ ಹೆಸರೇ ಕನ್ನಡ, ಹೊಸ ಊರು. ಸುತ್ತಲ ಹಳ್ಳಿಗಳ ಹೆಸರಿನಲ್ಲಿ ಪಲ್ಲಿ, ಹಳ್ಳಿ, ಪಟ್ಟಿ ಬೆರೆತಿವೆ. ನಮ್ಮೂರ ಅವಲಪಲ್ಲಿಯಲ್ಲಿ ಪಕಾರ ಹಾಗೇ ನಿಂತಿದೆ, ಹಕಾರ ಆಗಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ರಾಜ್ಯ ಅಣ್ಣತಮ್ಮಂದಿರಲ್ಲಿ ಹಂಚಿಹೋದ ಮೇಲೆ ರಾಮನಾಥನು ಕೆಲಕಾಲ ಆಳಿದ್ದು ಈ ಸೀಮೆಯ ಕುಂದಾಣಿಯಿಂದ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಯವರಿಗೆ ಹೋಯಿತು, 1799ರಲ್ಲಿ ಟೀಪು ಅಳಿದ ಮೇಲೆ ಹೊಸೂರೂ ಹೋಯಿತು. ಆಮೇಲೆ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ ಜಿಲ್ಲೆ, 2004ರಿಂದ ಕೃಷ್ಣಗಿರಿ ಜಿಲ್ಲೆ. 1956ರ ರಾಜ್ಯ ಪುನರ್ವಿಂಗಡಣೆಯಾದ ಮೇಲೂ ಆನೇಕಲ್ಲು ಅತ್ತಿಬೆಲೆ ಆ ಕಡೆಯೇ, ನಾವು ಈ ಕಡೆಯೇ. ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. 1970ರ ದಶಕದಲ್ಲಿ ಸಿಪ್‌ಕಾಟ್ ಕೈಗಾರಿಕೆಗಳು ಬಂದ ಮೇಲೆ ಬೀದಿಯಲ್ಲೂ ತಮಿಳೇ ಹೆಚ್ಚಾಯಿತು. 2006ರ ತಮಿಳು ಕಲಿಕೆ ಕಾಯಿದೆಯಿಂದ ಒಂದನೆಯ ತರಗತಿಯಿಂದ ತಮಿಳು ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿಯಂತೆ ಏರುತ್ತಾ 2016ರ ಹೊತ್ತಿಗೆ ಹತ್ತನೆಯ ತರಗತಿ ಮುಟ್ಟಿತು. ಕನ್ನಡ, ತೆಲುಗು, ಉರ್ದು ಮಾಧ್ಯಮದ ಮಕ್ಕಳ ಕಡೆಯವರು ನ್ಯಾಯಾಲಯದ ಬಾಗಿಲು ತಟ್ಟಿದರು, ಕೆಲವು ವರ್ಷಗಳಿಗೆ ವಿನಾಯಿತಿಯೂ ಸಿಕ್ಕಿತು. ಆ ವ್ಯಾಜ್ಯದ ಚರಿತ್ರೆ ಬರೆಯುವುದು ಇಲ್ಲಿನ ಉದ್ದೇಶವಲ್ಲ.

ಇಂಥ ಕಡೆ ಪ್ರೀತಿಯ ಮಾತುಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಸಕ್ಕರೆ ಸಾಲ ಹೋದ ಹಾಗೆ ಹೋಗಿಬರುತ್ತವೆ. ಮಗುವನ್ನು ತಮಿಳಿನವರು ಕಣ್ಣು ಅಂತಾರೆ, ತೆಲುಗಿನವರು ಬಂಗಾರು ಅಂತಾರೆ, ನಾವು ಚಿನ್ನ ಅಂತೀವಿ. ಈ ಚಿನ್ನದಲ್ಲೇ ಒಂದು ತೊಡಕು. ಕನ್ನಡಕ್ಕೆ ಚಿನ್ನ ಎಂದರೆ ಬಂಗಾರ. ತಮಿಳಿಗೂ ತೆಲುಗಿಗೂ ಚಿನ್ನ ಎಂದರೆ ಚಿಕ್ಕದು. ಚಿನ್ನಮ್ಮ ಎಂಬ ಹೆಸರಿನ ಹೆಂಗಸು ಕನ್ನಡದ ಮನೆಯಲ್ಲಿ ಬಂಗಾರದಂಥವಳು, ಪಕ್ಕದ ಮನೆಯಲ್ಲಿ ತಾಯಿಯ ತಂಗಿ. ಇಬ್ಬರೂ ಒಂದೇ ಬಾಗಿಲಲ್ಲಿ ನಿಂತು ಕರೆದರೆ ಅವಳು ಇಬ್ಬರಿಗೂ ಓಗೊಡುತ್ತಾಳೆ. ತಾತ ಎಂಬುದೂ ಹೀಗೇ. ನಮಗೂ ತೆಲುಗಿಗೂ ತಾತ ಎಂದರೆ ಅಜ್ಜ. ಸಂಸ್ಕೃತದಲ್ಲಿ ತಾತ ಎಂದು ತಂದೆಯನ್ನೂ ಕರೆಯಬಹುದು, ಮಗನನ್ನೂ ಕರೆಯಬಹುದು. ಗೀತೆಯ ಆರನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನನ್ನು ತಾತ ಎನ್ನುತ್ತಾನೆ. ಈ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ನಗು. ನಾವು ಮಗನನ್ನು 'ನನ್ನಪ್ಪ' ಎಂದೂ ಮಗಳನ್ನು 'ನನ್ನಮ್ಮ' ಎಂದೂ ಕರೆಯುವುದಿಲ್ಲವೆ, ಅಂಥದೇ ಅಂತ ಹೇಳಿದರೆ ನಗು ನಿಲ್ಲುತ್ತಿತ್ತು.

ಈಗ ಅಕ್ಕರೆ. ಪ್ರಬಂಧದ ಮುಖ್ಯ ಮಾತು ಇದೇ.

ನಮ್ಮ ಬೀದಿಯ ಒಂದು ಕನ್ನಡದ ಮನೆಗೆ ಬಹಳ ವರ್ಷದ ಹಿಂದೆ ತೆಲುಗಿನ ಸೊಸೆ ಬಂದಳು. ಮೊದಲ ವಾರದಲ್ಲಿ ಅತ್ತೆ ಎರಡನೆಯ ಸಲ ಬಡಿಸಲು ಬಂದಾಗ ಸೊಸೆ ಎಲೆಯ ಮೇಲೆ ಕೈ ಅಡ್ಡ ಇಟ್ಟು 'ಅಕ್ಕರ್ಲೇದತ್ತಾ' ಅಂದಳು. ಬೇಕಾಗಿಲ್ಲ ಅತ್ತೆ, ಅಂತ. ಅತ್ತೆಯ ಕಿವಿಗೆ ಬಿದ್ದದ್ದು ಅಕ್ಕರೆ ಇಲ್ಲ ಅಂತ. ಪಾತ್ರೆ ಕೆಳಗಿಟ್ಟು ಒಳಗೆ ಹೋದರಂತೆ. ಮಾವ ತೆಲುಗು ಬಲ್ಲವರು, ಅವರು ಸಂತೆಯಿಂದ ಬರುವ ತನಕ ಮನೆಯಲ್ಲಿ ಮಾತಿಲ್ಲ. ಈ ಕಥೆಯನ್ನು ಅತ್ತೆ ಸೊಸೆ ಇಬ್ಬರೂ ಆಮೇಲೆ ನಗುತ್ತಾ ಹೇಳಿದ್ದನ್ನೇ ನಾನು ಕೇಳಿದ್ದು. ಅದೇ ಮನೆಯ ಹುಡುಗ ತಮಿಳು ಶಾಲೆಗೆ ಹೋಗಿ ಬಂದು 'ಪಡಿಪ್ಪಿಲೇ ಅಕ್ಕರೈ ಇಲ್ಲೈ' ಅಂತ ಮೇಷ್ಟರು ಬೈದರು ಅಂದಾಗ ಅಜ್ಜಿಗೆ ಮೂರನೆಯ ಅರ್ಥ ಸಿಕ್ಕಿತು. ಓದಿನ ಮೇಲೆ ಗಮನ ಇಲ್ಲ, ಆಸ್ಥೆ ಇಲ್ಲ, ಎಂದು.

ಅಂದರೆ ಒಂದೇ ಅಡಿಗೆಮನೆಯಲ್ಲಿ ಒಂದೇ ಮಾತು: ಕನ್ನಡಕ್ಕೆ ಪ್ರೀತಿ, ತೆಲುಗಿಗೆ ಅಗತ್ಯ, ತಮಿಳಿಗೆ ಕಾಳಜಿ.

ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಇದಕ್ಕೆಲ್ಲ ಕಿವಿಗೊಡಲಿಲ್ಲ. ನನ್ನ ಹತ್ತಿರ ಸಿದ್ಧವಾದ ಒಂದು ನಿಷ್ಪತ್ತಿ ಇತ್ತು. ಪಕ್ಷ ಪಕ್ಕ ಆಯಿತು, ಯಕ್ಷ ಜಕ್ಕ ಆಯಿತು, ಲಕ್ಷ ಲಕ್ಕ ಆಯಿತು, ಹಾಗೆಯೇ ಅಕ್ಷರ ಅಕ್ಕರೆ ಆಯಿತು. ಕ್ಷಯಿಸದ್ದು ಅಕ್ಷರ, ನಾಶವಿಲ್ಲದ್ದು. ತಾಯಿಯ ಪ್ರೀತಿಗೆ ನಾಶವಿಲ್ಲ, ಆದ್ದರಿಂದ ಅದು ಅಕ್ಕರೆ. ಹೀಗೆ ಹೇಳಿದಾಗ ತರಗತಿ ನಿಶ್ಶಬ್ದವಾಗುತ್ತಿತ್ತು. ಒಂದು ಶಾಲಾ ವಾರ್ಷಿಕೋತ್ಸವದಲ್ಲಿ ಇದನ್ನೇ ಭಾಷಣ ಮಾಡಿ ಚಪ್ಪಾಳೆ ತೆಗೆದುಕೊಂಡೆ. ಚಪ್ಪಾಳೆ ಬಿದ್ದ ನಿಷ್ಪತ್ತಿಯನ್ನು ಯಾರೂ ಮರುಪರೀಕ್ಷೆ ಮಾಡುವುದಿಲ್ಲ.

ಪರೀಕ್ಷೆ ಮಾಡಿದ್ದರೆ ನಾನೇ ಹೇಳಿಕೊಡುವ ನಿಯಮವೇ ನನ್ನನ್ನು ತಡೆಯಬೇಕಾಗಿತ್ತು. ಸಂಸ್ಕೃತದ ಆಕಾರಾಂತ ಶಬ್ದಗಳು ಕನ್ನಡದಲ್ಲಿ ಎಕಾರಾಂತವಾಗುತ್ತವೆ. ಮಾಲಾ ಮಾಲೆ, ಶಾಲಾ ಶಾಲೆ, ಶರ್ಕರಾ ಸಕ್ಕರೆ. ಅಕ್ಷರ ಎಂಬುದು ಅಕಾರಾಂತ ನಪುಂಸಕಲಿಂಗ. ಅದರ ತದ್ಭವ ಅಕ್ಕರ, ಅಕ್ಕರೆ ಅಲ್ಲ. ಅಕ್ಕರ ಎಂಬ ಮಾತು ಕನ್ನಡದಲ್ಲಿ ಬೇರೆಯಾಗಿ ಇದ್ದೇ ಇದೆ. ವಿದ್ಯಾವಂತನಿಗೆ ಅಕ್ಕರಿಗ ಎಂಬ ಹಳೆಯ ಮಾತಿದೆ. ನಾಗವರ್ಮನ ಛಂದೋಂಬುಧಿಯಲ್ಲಿ ಪಿರಿಯಕ್ಕರ, ದೊರೆಯಕ್ಕರ ಮುಂತಾದ ಅಕ್ಕರಗಳು ಬರುತ್ತವೆ. ಪ್ರೀತಿಯ ಅಕ್ಕರೆಗೂ ಈ ಅಕ್ಕರಕ್ಕೂ ಧ್ವನಿಸಾಮ್ಯ ಮಾತ್ರ. ಅಕ್ಕರೆಗೆ ಸಕ್ಕರೆ ಪ್ರಾಸ ಸಿಕ್ಕಿದ್ದು ಕವಿಗಳಿಗೆ ಲಾಭ, ನನ್ನಂಥವನಿಗೆ ಮೋಸ.

ನನ್ನ ಕಣ್ಣು ತೆರೆದದ್ದು ಗ್ರಂಥದಿಂದ ಅಲ್ಲ, ಮೊಮ್ಮಗಳ ತಮಿಳು ಕಾಪಿ ಪುಸ್ತಕದಿಂದ. ತಮಿಳು ಕಡ್ಡಾಯ ಮಾಡಿದ್ದರ ಬಗ್ಗೆ ಮನೆಯಲ್ಲಿ ದಿನಾ ಗೊಣಗುವವನು ನಾನೇ. ಒಂದು ದಿನ ಅವಳು ಅಕ್ಕರೈ ಎಂಬ ಮಾತನ್ನು ಹತ್ತು ಸಲ ಬರೆಯುತ್ತಾ ಕೂತಿದ್ದಳು, ತಪ್ಪು ಬರೆದದ್ದಕ್ಕೆ ಶಿಕ್ಷೆ. ಏನು ತಪ್ಪು ಅಂದೆ. 'ತಾತ, ನಾನು ಚಿನ್ನ ರ ಹಾಕ್ಬಿಟ್ಟೆ. ಇದಕ್ಕೆ ಪೆರಿಯ ಱ ಹಾಕ್ಬೇಕು. ಚಿನ್ನ ರ ಹಾಕಿದ್ರೆ ಹೊಳೆ ಆಚೆ ದಡ ಅಂತ ಅರ್ಥ ಆಗೋಗತ್ತೆ' ಅಂದಳು. ತಮಿಳು ಮಕ್ಕಳು ಎರಡು ರಕಾರಗಳನ್ನು ಚಿಕ್ಕದು ದೊಡ್ಡದು ಅಂತ ಹೀಗೇ ಗುರುತಿಟ್ಟುಕೊಳ್ಳುತ್ತಾರೆ. ನನ್ನ ಕನ್ನಡದ ಕಿವಿಗೆ ಚಿನ್ನದ ರಕಾರ ಅಂತ ಕೇಳಿ ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಪೆರಿಯ ಱ ಎಂದರೆ ನಮ್ಮ ಶಕಟರೇಫ. ಸಂಸ್ಕೃತದಲ್ಲಿ ಶಕಟರೇಫವೇ ಇಲ್ಲ. ಅಕ್ಷರದಲ್ಲಿರುವುದು ಸಾಮಾನ್ಯ ರೇಫ. ಅಕ್ಷರದಿಂದ ಹುಟ್ಟಿದ ಮಾತಿನಲ್ಲಿ ಶಕಟರೇಫ ಎಲ್ಲಿಂದ ಬರಬೇಕು?

ಪಕ್ಕದ ಮನೆಯಲ್ಲಿ ಹಳೆಯ ಮುದ್ರಣದ ಸುಮತಿ ಶತಕ ಇತ್ತು, ತೆಲುಗಿನ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಪುಸ್ತಕ. ಅದರ ಹೆಸರಾಂತ ಪದ್ಯವೊಂದು ಈ ಮಾತಿನಿಂದಲೇ ಶುರುವಾಗುತ್ತದೆ, ಅಗತ್ಯದ ಹೊತ್ತಿಗೆ ಒದಗದ ನೆಂಟನನ್ನು ಬಿಡು ಎಂಬ ಅಭಿಪ್ರಾಯದ್ದು. ತೆರೆದು ನೋಡಿದರೆ ಅಕ್ಕಱ. ಈಗಿನ ತೆಲುಗು ಮುದ್ರಣಗಳಲ್ಲಿ ಸಾಮಾನ್ಯ ರಕಾರವೇ ಇರುತ್ತದೆ, ಹಳೆಯದರಲ್ಲಿ 'ಬಂಡಿ ಱ' ಇದೆ. ಬಂಡಿ ಎಂದರೂ ಶಕಟ ಎಂದರೂ ಒಂದೇ ಅಲ್ಲವೆ. ಮೂರು ಭಾಷೆಗಳ ಮಾತಿಗೂ ಒಂದೇ ಗಾಲಿ ಸಿಕ್ಕಿತು.

ಇನ್ನು ಹಳಗನ್ನಡಕ್ಕೆ ಹೋದೆ. ಹೋಗಬೇಕಾದವನು ಮೊದಲೇ ಹೋಗಬೇಕಾಗಿತ್ತು. ಪಂಪನ ಕಾಲದ ಕನ್ನಡದಲ್ಲಿ, ಎಂದರೆ ಹತ್ತನೆಯ ಶತಮಾನದಲ್ಲಿ, ಪ್ರೀತಿ ಎಂಬ ಅರ್ಥಕ್ಕೆ ಅೞ್ಕಱ್ ಎಂಬ ಮಾತು ಬಳಕೆಯಲ್ಲಿತ್ತು. ಇದರಲ್ಲಿ ಕೊನೆಯದು ಶಕಟರೇಫ, ನಡುವೆ ೞಕಾರ. ಈ ೞಕಾರ ಕನ್ನಡದಲ್ಲಿ ಕ್ರಮೇಣ ಅಳಿಯಿತು. ಎರಡೂ ವರ್ಣಗಳಲ್ಲಿ ಜನಕ್ಕೆ ಗೊಂದಲ ಹುಟ್ಟಿದ್ದರಿಂದಲೇ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ೞಕಾರದ ಮಾತುಗಳಿಗೂ ಶಕಟರೇಫದ ಮಾತುಗಳಿಗೂ ಪಟ್ಟಿ ಕೊಡಬೇಕಾಯಿತು. ೞಕಾರದ ಮುಂದೆ ವ್ಯಂಜನ ಬಂದ ಕಡೆ ಅದು ಆ ವ್ಯಂಜನದಲ್ಲೇ ಲೀನವಾಗಿ ಒತ್ತಕ್ಷರ ಉಳಿಯಿತು. ಪೊೞ್ತು ಹೊತ್ತು ಆಯಿತು, ಕೞ್ತೆ ಕತ್ತೆ ಆಯಿತು, ಕೞ್ತಲೆ ಕತ್ತಲೆ ಆಯಿತು, ಎೞ್ಪತ್ತು ಎಪ್ಪತ್ತು ಆಯಿತು. ಹೊಸೂರಿನವರಿಗೆ ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕಾಗಿಲ್ಲ. ತಮಿಳಿನವರ ಪೊೞುದು, ಕೞುದೈ, ಎೞುಬದು ದಿನಾ ಕಿವಿಗೆ ಬೀಳುತ್ತವೆ, ೞಕಾರ ಅಲ್ಲಿ ಜೀವಂತ ಇದೆ. ಅದೇ ದಾರಿಯಲ್ಲಿ ಅೞ್ಕಱ್ ಅಕ್ಕಱ್ ಆಗಿ, ಅಕ್ಕಱೆ ಆಗಿ, ಶಕಟರೇಫವೂ ಸವೆದು ಅಕ್ಕರೆ ಆಯಿತು.

ಇಲ್ಲಿಂದ ಮುಂದೆ ಹೇಳುವುದು ನನ್ನ ತರ್ಕ, ವಿದ್ವಾಂಸರು ತೂಗಿ ನೋಡಲಿ. ತಮಿಳು ೞಕಾರವನ್ನು ಬಿಡದ ಭಾಷೆ. ಅಕ್ಕಱೈ ಅದರ ಸ್ವಂತ ಹಳೆಯ ಆಸ್ತಿಯಾಗಿದ್ದರೆ ಅದರಲ್ಲಿ ೞಕಾರದ ಗುರುತು ಉಳಿಯಬೇಕಾಗಿತ್ತು. ಉಳಿದಿಲ್ಲ. ಆದ್ದರಿಂದ ೞಕಾರ ಲೀನವಾಗಿ ಒತ್ತಕ್ಷರವಾದ ಮೇಲೆ, ಆದರೆ ಶಕಟರೇಫ ಇನ್ನೂ ಸವೆಯದಿದ್ದಾಗ, ಕನ್ನಡದಿಂದಲೋ ತೆಲುಗಿನಿಂದಲೋ ಆ ಮಾತು ದಕ್ಷಿಣಕ್ಕೆ ಇಳಿದಿರಬೇಕು. ಇಳಿಯುವ ದಾರಿಗಳಲ್ಲಿ ನಮ್ಮ ಸೀಮೆಯೂ ಒಂದು. ಇದನ್ನು ಕೇಳಿದ ಕೆಲವು ಗೆಳೆಯರು 'ಹಾಗಾದರೆ ಅವರು ನಮ್ಮ ಮಾತು ತಗೊಂಡು ನಮಗೇ ಪಾಠ ಹೇಳ್ತಾರಾ' ಅಂತ ಮೀಸೆ ತಿರುವಿದರು. ಮೀಸೆ ತಿರುವುವ ವಿಷಯ ಇದಲ್ಲ. ನಾವು ಕಳೆದುಕೊಂಡ ಶಕಟರೇಫವನ್ನು ಜೋಪಾನ ಮಾಡಿದವರು ಅವರು. ಅವರ ಕಾಪಿ ಪುಸ್ತಕ ಇಲ್ಲದಿದ್ದರೆ ನಾನು ಇವತ್ತಿಗೂ ಅಕ್ಷರದ ಭಾಷಣವನ್ನೇ ಮಾಡುತ್ತಿದ್ದೆ.

ಅರ್ಥದ ವಿಷಯ ಇನ್ನೂ ಸೂಕ್ಷ್ಮ. ಪ್ರೀತಿ, ಅಗತ್ಯ, ಕಾಳಜಿ ಮೂರರಲ್ಲಿ ಮೊದಲು ಯಾವುದು? ಬರಹದ ಸಾಕ್ಷಿಯಲ್ಲಿ ಪಂಪನ ಪ್ರೀತಿಯೇ ಹಿಂದಿನದು. ಸುಮತಿ ಶತಕವನ್ನು ಬದ್ದೆನನದೆಂದೂ ಹದಿಮೂರನೆಯ ಶತಮಾನದ್ದೆಂದೂ ಹೇಳುವುದು ವಾಡಿಕೆ, ಅಲ್ಲಿ ಅಗತ್ಯ. ಆದರೆ ಬರಹಕ್ಕೆ ಮೊದಲು ಬಂದದ್ದೇ ಬಾಯಿಗೂ ಮೊದಲು ಬಂದದ್ದು ಎಂದು ಹೇಳಲಾಗದು. ಮೇಲೆ ಹೇಳಿದ ಡಿಯರ್ ಮತ್ತು ಪ್ರಿಯಗಳ ಸಾಮ್ಯ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಪ್ರೀತಿಗೂ ಬೆಲೆಗೂ ನಂಟು, ಇಲ್ಲಿ ಪ್ರೀತಿಗೂ ಬೇಕು ಎಂಬುದಕ್ಕೂ ನಂಟು. ಕನ್ನಡದ ಬೇಕು ಎಂಬ ಮಾತನ್ನೇ ನೋಡಿ. ನೀರು ಬೇಕು ಎನ್ನುವಾಗ ಅಗತ್ಯ. 'ಅವನು ನಮಗೆ ಬೇಕಾದವನು' ಎನ್ನುವಾಗ ಆಪ್ತ. ತಮಿಳಿನ ವೇಂಡಿಯವರ್ ಕೂಡ ಹೀಗೇ ಆಪ್ತ. ಒಂದು ಕೊನೆಯಲ್ಲಿ ಹಸಿವು, ಇನ್ನೊಂದು ಕೊನೆಯಲ್ಲಿ ಒಲವು, ನಡುವೆ ಕಾಳಜಿ. ಮೂರು ಭಾಷೆಗಳು ಒಂದೇ ಹಗ್ಗದ ಮೂರು ಕಡೆ ಹಿಡಿದು ನಿಂತಿವೆ ಎಂದು ನನ್ನ ಅಭಿಪ್ರಾಯ.

ಇನ್ನು ನನ್ನ ನಿಜವಾದ ತಪ್ಪೊಪ್ಪಿಗೆ. ನಿಷ್ಪತ್ತಿ ತಪ್ಪಾದರೆ ಒಂದು ಭಾಷಣ ಕೆಟ್ಟಿತು, ಅಷ್ಟೆ. ಆದರೆ ನಮ್ಮೂರ ಕನ್ನಡದ ಮಕ್ಕಳು ಪ್ರಬಂಧ ಬರೆಯುವಾಗ 'ಅಕ್ಕರೆ ಬಿದ್ದಾಗ ಬಾ', 'ಬೆಳೆ ಮೇಲೆ ಅಕ್ಕರೆ ಇಲ್ಲದವನು', 'ಅದು ನಿನಗೆ ಯಾಕೆ ಅಕ್ಕರೆ' ಎಂದು ಬರೆಯುತ್ತಿದ್ದರು. ಕನ್ನಡದ ಮೇಷ್ಟರು ರಜೆ ಹಾಕಿದಾಗ ಆ ಪುಸ್ತಕಗಳು ನನ್ನ ಮೇಜಿಗೆ ಬರುತ್ತಿದ್ದವು. ನಾನು ಕೆಂಪು ಶಾಯಿಯಲ್ಲಿ ಅಕ್ಕರೆ ಹೊಡೆದುಹಾಕಿ ಮೇಲೆ 'ಅಗತ್ಯ' ಅಂತಲೋ 'ಆಸ್ಥೆ' ಅಂತಲೋ ಬರೆದು, ಅಂಚಿನಲ್ಲಿ 'ತಮಿಳು ಬೆರಕೆ', 'ತೆಲುಗು ಬೆರಕೆ' ಅಂತ ಷರಾ ಹಾಕುತ್ತಿದ್ದೆ. ಕನ್ನಡ ಪದವನ್ನು ಹೊಡೆದು ಎರಡು ಸಂಸ್ಕೃತ ಪದ ಬರೆಯುವುದು ಶುದ್ಧಿ ಅಂತ ನನಗೆ ತೋರಿತ್ತು! ಬೆಂಗಳೂರಿನ ಪಠ್ಯಪುಸ್ತಕದಲ್ಲಿ ಅಕ್ಕರೆಗೆ ಪ್ರೀತಿ ಎಂಬ ಒಂದೇ ಅರ್ಥ ಇತ್ತು, ನನಗೆ ಅದೇ ಅಳತೆಗೋಲು. ಆ ಮಕ್ಕಳು ಹಗ್ಗವನ್ನು ಉದ್ದಕ್ಕೂ ಹಿಡಿದಿದ್ದರು, ನಾನು ಒಂದು ಗೇಣು ಬಿಟ್ಟು ಮಿಕ್ಕದ್ದನ್ನು ಕತ್ತರಿಸಿದೆ.

ಬೆರಕೆ ಎಂಬುದನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ಅಗತ್ಯದ ಅರ್ಥ ತೆಲುಗಿನ ನೆರೆಯಿಂದ ನಮ್ಮ ಬಾಯಿಗೆ ಮರಳಿ ಬಂದಿರಬಹುದು, ಕಾಳಜಿಯ ಅರ್ಥ ತಮಿಳಿನಿಂದ ಬಂದಿರಬಹುದು. ಬಂದದ್ದೂ ಮಗಳು ತವರಿಗೆ ಬಂದ ಹಾಗೆ ಬಂದಿತು. ಅದನ್ನು ಬಾಗಿಲಲ್ಲೇ ನಿಲ್ಲಿಸಿ ನೀನು ಯಾರು ಅಂತ ಕೇಳಿದವನು ನಾನು. ಉಪಭಾಷೆಯ ಕೋಶ ಮಾಡುವವರಿಗೆ ನನ್ನ ಬಿನ್ನಹ ಇಷ್ಟೇ: ಹೊಸೂರು, ದೇಂಕಣಿಕೋಟೆ, ಶೂಲಗಿರಿ ಕಡೆಯ ಕನ್ನಡದಲ್ಲಿ ಅಕ್ಕರೆಗೆ ಮೂರು ಅರ್ಥ ಕೇಳಿಬಂದರೆ ಮೂರನ್ನೂ ಬರೆದುಕೊಳ್ಳಿ. ಎರಡನ್ನು ಎರವಲು ಅಂತ ಕಂಸದಲ್ಲಿ ಹಾಕಬೇಡಿ. ಅಣ್ಣತಮ್ಮಂದಿರ ಮನೆಯ ಪಾತ್ರೆಯ ಮೇಲೆ ಯಾರ ಹೆಸರು ಕೊರೆದಿದೆ ಅಂತ ನೋಡುವ ಕಾಲ ಅಡಿಗೆ ಮುಗಿದ ಮೇಲೆ ಬರಲಿ.

ಈಚೆಗೆ ನಾನೇ ಒಂದು ಪುಸ್ತಕ ಇಟ್ಟುಕೊಂಡು ಊರಲ್ಲಿ ಕೇಳಿದ ಪ್ರಯೋಗಗಳನ್ನು ಬರೆದುಕೊಳ್ಳುತ್ತಿದ್ದೇನೆ. ಅರವತ್ತು ದಾಟಿದ ಹೆಂಗಸರ ಬಾಯಲ್ಲಿ ಮೂರೂ ಅರ್ಥ ಸಿಗುತ್ತವೆ. ನಡುವಯಸ್ಸಿನವರಲ್ಲಿ ಪ್ರೀತಿ ಮತ್ತು ಕಾಳಜಿ ಸಿಗುತ್ತವೆ, ಅಗತ್ಯಕ್ಕೆ ಅವರು ತೇವೆ ಅಂತ ತಮಿಳಿನ ಮಾತು ಹೇಳುತ್ತಾರೆ. ಕಾರ್ಖಾನೆಗೆ ಹೋಗುವ ಹುಡುಗರು ಹೆಚ್ಚಾಗಿ ಅಕ್ಕರೈ ಅಂತಲೇ ಅನ್ನುತ್ತಾರೆ. ಅವರ ಪ್ರೀತಿಗೆ ಲವ್ ಇದೆ, ಕರೆಯಲು ಡಿಯರ್ ಇದೆ.

ಮೇಲೆ ಹೇಳಿದ ತೆಲುಗಿನ ಸೊಸೆ ಈಗ ಆ ಮನೆಯ ಹಿರಿಯಾಕೆ. ಕನ್ನಡವನ್ನು ನಮಗಿಂತ ಚೆನ್ನಾಗಿ ಮಾತಾಡುತ್ತಾರೆ. ಹೋದ ತಿಂಗಳು ಅವರ ಮನೆಗೆ ಪುಸ್ತಕ ಹಿಡಿದು ಹೋದಾಗ ಊಟಕ್ಕೆ ಕೂರಿಸಿದರು. ಒಂದು ಮುದ್ದೆ ಆದ ಮೇಲೆ 'ಅಕ್ಕರೆ ಇದ್ರೆ ಇನ್ನರ್ಧ ಹಾಕಿಸ್ಕೊಳ್ಳಿ ಮೇಷ್ಟ್ರೇ' ಅಂದರು. ನಾನು ಎಡಗೈಯಲ್ಲಿ ಪೆನ್ನು ತೆಗೆದು, ಇದನ್ನು ಯಾವ ಅರ್ಥದ ಕೆಳಗೆ ಬರ್ಕೊಳ್ಳಲಿ ತಾಯಿ, ಬೇಕಾದ್ರೆ ಅಂತಾನೋ ಪ್ರೀತಿ ಇದ್ರೆ ಅಂತಾನೋ ಎಂದು ಕೇಳಿದೆ. 'ಮೊದ್ಲು ಉಣ್ಣಿ, ಸಾರು ಆರೋಗತ್ತೆ. ಆಮೇಲೆ ಬರ್ಕೊಳ್ಳೋರಂತೆ' ಅಂದರು.